ನಮ್ಮೂರ ಕ್ರಾಸಿನಲ್ಲಿ ಹೆದ್ದಾರಿ ನಿಧಾನವಾಗಬೇಕು

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಹಾವೇರಿ ಜಿಲ್ಲೆಯಲ್ಲಿ ಹೆದ್ದಾರಿ ಪಕ್ಕದ ಯಾವುದಾದರೂ ಊರಿನ ಕ್ರಾಸಿಗೆ ಬಂದು ಹತ್ತು ನಿಮಿಷ ನಿಂತು ನೋಡಿ. ಶಾಲೆ ಮಕ್ಕಳು ಬಸ್ಸಿಗೆ ಹೊರಟಿರುತ್ತಾರೆ. ಬಸ್ಸು ನಿಲ್ಲುವುದು ರಸ್ತೆಯ ಆಚೆ ಕಡೆ. ಬುತ್ತಿ ಗಂಟು ಹಿಡಿದ ಹೆಂಗಸರು ಕೂಲಿಗೆ ಹೋಗಲು ಟಂಟಂ ಹತ್ತಬೇಕು. ಅದೂ ಆಚೆ ಕಡೆ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನು ಅರ್ಧ ರಸ್ತೆ ದಾಟಿ, ಡಿವೈಡರ್ ಒಡೆದ ಸಂದಿಯಲ್ಲಿ ನಿಂತು ಎಡಕ್ಕೆ ನೋಡುತ್ತಿರುತ್ತಾನೆ. ಅವನ ಮುಂದೆ ಲಾರಿ, ಕಾರು, ಸ್ಲೀಪರ್ ಬಸ್ಸು ಒಂದರ ಹಿಂದೆ ಒಂದು ಹೋಗುತ್ತವೆ. ಯಾವುದೂ ನಿಧಾನ ಮಾಡುವುದಿಲ್ಲ. ನಿಧಾನ ಮಾಡಬೇಕು ಅಂತ ಆ ಚಾಲಕರಿಗೆ ಹೇಳುವಂಥದ್ದು ಅಲ್ಲಿ ಏನೂ ಇಲ್ಲ. ಬೋರ್ಡಿನಲ್ಲಿ ಬೆಂಗಳೂರು ಎಷ್ಟು ದೂರ ಅಂತ ಇರುತ್ತದೆ. ಮುಂದಿನ ನಾಲ್ಕುನೂರು ಮೀಟರಿನಲ್ಲಿ ಒಂದು ಊರು ರಸ್ತೆ ದಾಟುತ್ತಿದೆ ಅಂತ ಇರುವುದಿಲ್ಲ.

ನಾನು ಇಂಥದೇ ಒಂದು ಊರಿನವನು. ಹುಬ್ಬಳ್ಳಿಗೆ ಹೋಗಿ ಬರುವುದು ಈ ರಸ್ತೆಯಲ್ಲೇ. ನಮ್ಮ ಹೊಲ ಇರುವುದೂ ಈ ರಸ್ತೆಯ ಆಚೆಗೆ. ಹೆದ್ದಾರಿ ಅಪಘಾತದ ಸುದ್ದಿ ಓದಿದಾಗೆಲ್ಲ ಚಾಲಕನ ನಿದ್ದೆ, ಕುಡಿತ, ಅತಿವೇಗದ ಬಗ್ಗೆಯೇ ಮಾತು ನಡೆಯುತ್ತದೆ. ಅವು ಸುಳ್ಳಲ್ಲ. ಆದರೆ ಈ ರಸ್ತೆಯನ್ನು ದಿನವೂ ದಾಟುವವನಾಗಿ ನನಗೆ ಅನಿಸುವುದು ಬೇರೆ. ರಸ್ತೆ ಕಟ್ಟಿದ್ದು ದೂರದಿಂದ ದೂರಕ್ಕೆ ಹೋಗುವವರ ಲೆಕ್ಕದಲ್ಲಿ. ಪಕ್ಕದ ಊರಿನವರು ಅದನ್ನು ಹೇಗೆ ಬಳಸುತ್ತಾರೆ ಅಂತ ಲೆಕ್ಕ ಹಾಕಿದ್ದು ಕಡಿಮೆ. ಆ ಲೆಕ್ಕ ಹಾಕದೆ ಎಷ್ಟು ಅಗಲ ಮಾಡಿದರೂ ಸಾವು ನಿಲ್ಲುವುದಿಲ್ಲ.

ಸುದ್ದಿಯಾಗುವ ಸಾವು, ಆಗದ ಸಾವು

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿತು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. 13 ಜನ ತೀರಿಕೊಂಡರು. ಅದಕ್ಕೂ ಮೊದಲು 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ಧಾರವಾಡದ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ಟಿಪ್ಪರ್‌ಗೆ ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಸತ್ತರು. 2022ರ ಮೇ ತಿಂಗಳಲ್ಲಿ ಅದೇ ಬೈಪಾಸಿನ ತಾರಿಹಾಳ ಹತ್ತಿರ ನಡುರಾತ್ರಿ ಖಾಸಗಿ ಬಸ್ಸು ಮತ್ತು ಲಾರಿ ಡಿಕ್ಕಿಯಾಗಿ ಎರಡೂ ಗಾಡಿಯ ಚಾಲಕರು ಸೇರಿ ಹಲವರು ಹೋದರು.

ಈ ಮೂರು ಘಟನೆ ಇಡೀ ರಾಜ್ಯಕ್ಕೆ ನೆನಪಿವೆ. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ರಸ್ತೆ ಅಗಲವಾಗಬೇಕು ಅಂತ ಕೂಗು ಎದ್ದಿತು. ಆದರೆ ಜಾಸ್ತಿ ಜನ ಸಾಯುವುದು ಹೀಗೆ ಹತ್ತು ಹನ್ನೆರಡು ಜನ ಒಟ್ಟಿಗೆ ಅಲ್ಲ. ಒಬ್ಬೊಬ್ಬರಾಗಿ ಸಾಯುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ಸತ್ತರು. ಕರ್ನಾಟಕದಲ್ಲಿ 11,702 ಜನ. ಸತ್ತವರಲ್ಲಿ ಬೈಕು ಸ್ಕೂಟರಿನವರು ಶೇ 44.5, ನಡೆದು ಹೋಗುವವರು ಶೇ 19.5. ಎರಡೂ ಕೂಡಿದರೆ ಶೇ 64. ಅಂದರೆ ಮೂರರಲ್ಲಿ ಸುಮಾರು ಎರಡು ಸಾವು ತಗಡಿನ ರಕ್ಷಣೆಯೂ ಇಲ್ಲದವರದ್ದು. ಇನ್ನೊಂದು ಲೆಕ್ಕವೂ ಇದೆ. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಉದ್ದ ಶೇ 2ರ ಆಸುಪಾಸು. ಸಾವಿನಲ್ಲಿ ಅವುಗಳ ಪಾಲು ಶೇ 36.

ದಿನದ ಯಾವ ಹೊತ್ತಿನಲ್ಲಿ ಅಪಘಾತ ಜಾಸ್ತಿ ಅಂತ ನೋಡಿದರೆ ವರ್ಷ ವರ್ಷವೂ ಸಂಜೆ 6ರಿಂದ 9 ಗಂಟೆಯೇ ಮುಂದೆ ಇರುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದಿಂದ ಮನೆಗೆ ಬರುವ ಹೊತ್ತು ಅದು. ಎಮ್ಮೆ ಹೊಡೆದುಕೊಂಡು ಬರುವ ಹೊತ್ತು, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ರಸ್ತೆಗೆ ಇಳಿಯುವ ಹೊತ್ತು. ನನ್ನ ಕಾಕಾ ಬೈಕಿನಲ್ಲಿ ಹೋಗಿ ಕಬ್ಬಿನ ಟ್ರೇಲರಿಗೆ ಗುದ್ದಿದ್ದು ಸಂಜೆ ಏಳಕ್ಕೆ. ಜೀವ ಉಳಿಯಿತು. ಬಲಗಾಲು ಮೊದಲಿನ ಹಾಗೆ ಆಗಲಿಲ್ಲ, ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ ಹಾಕಿದರು. ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಇಂಥ ಮನೆಗಳು ಈ ರಸ್ತೆಯ ಉದ್ದಕ್ಕೂ ಊರಿಗೆ ಹತ್ತಿಪ್ಪತ್ತು ಸಿಗುತ್ತವೆ.

ಎಫ್‌ಐಆರ್‌ನಲ್ಲಿ ರಸ್ತೆ ಕಾಣುವುದಿಲ್ಲ

ಸಚಿವಾಲಯದ ಅದೇ ವರದಿಯಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಇದೆ. ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಅಪಘಾತವಾದ ಕೂಡಲೇ ಪೊಲೀಸರು ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು ಅಂತ ಕೇಸು ಹಾಕುತ್ತಾರೆ. ಮೊದಲು ಐಪಿಸಿ 279 ಮತ್ತು 304ಎ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ಈ ಕಲಮುಗಳು ಮನುಷ್ಯನ ತಪ್ಪನ್ನೇ ಹುಡುಕುತ್ತವೆ. ಕ್ರಾಸಿನ ಮೂಲೆಯಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದು ಬರುವ ಗಾಡಿ ಕಾಣದಂತೆ ಮಾಡಿತ್ತು, ದೀಪ ಕೆಟ್ಟು ಮೂರು ತಿಂಗಳಾಗಿತ್ತು, ಬಿಳಿ ಪಟ್ಟಿ ಅಳಿಸಿತ್ತು ಅನ್ನುವುದು ಕೇಸಿನ ಕಾಗದದಲ್ಲಿ ಬರುವುದು ಅಪರೂಪ.

ಹಾಗಂತ ವೇಗದ ವಿಷಯ ಸಣ್ಣದಲ್ಲ. ಎಲ್ಲಕ್ಕಿಂತ ದೊಡ್ಡದು ಅದೇ. ಸ್ವಲ್ಪ ಲೆಕ್ಕ ಹಾಕೋಣ.

ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಒಂದು ಬದಿಯ ಎರಡು ಲೇನು ಏಳು ಮೀಟರ್ ಅಗಲ. ಗಟ್ಟಿಮುಟ್ಟಾದ ಹುಡುಗ ಆರು ಸೆಕೆಂಡಿನಲ್ಲಿ ದಾಟುತ್ತಾನೆ. ಅಷ್ಟರಲ್ಲಿ ಆ ಕಾರು ಸುಮಾರು 167 ಮೀಟರ್ ಬಂದಿರುತ್ತದೆ. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಅಜ್ಜಿಗೆ ಒಂಬತ್ತು ಸೆಕೆಂಡು ಬೇಕು. ಆಗ 250 ಮೀಟರ್. ಅಷ್ಟು ದೂರದಲ್ಲಿ ಬರುವ ಕಾರಿನ ವೇಗ ಎಷ್ಟು ಅಂತ ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಈಗ ಅದೇ ರಸ್ತೆಯನ್ನು ಆರು ಲೇನ್ ಮಾಡಿದಿರಿ ಅಂದುಕೊಳ್ಳಿ. ದಾಟಬೇಕಾದ ಅಗಲ ಏಳರಿಂದ ಹತ್ತೂವರೆ ಮೀಟರ್ ಆಯಿತು. ಅಜ್ಜಿಗೆ ಹದಿಮೂರು ಸೆಕೆಂಡು ಬೇಕು. ಕಾರು 360 ಮೀಟರ್ ಬರುತ್ತದೆ. ಸೇತುವೆಯೋ ಅಂಡರ್‌ಪಾಸೋ ಕೊಡದೆ ಸುಮ್ನೆ ಅಗಲ ಮಾಡಿದರೆ ದಾಟುವವರ ಅಪಾಯ ಇಳಿಯುವ ಬದಲು ಏರುತ್ತದೆ.

ಗುದ್ದಿದ ಮೇಲಿನ ಲೆಕ್ಕ ಇನ್ನೂ ಕಠಿಣ. 40 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಎರಡು ಅಂತಸ್ತಿನ ಮೇಲಿಂದ ಬಿದ್ದಷ್ಟಕ್ಕೆ ಸಮ. 80ರಲ್ಲಿ ಗುದ್ದಿದರೆ ಎಂಟು ಅಂತಸ್ತು. ವೇಗ ಎರಡು ಪಟ್ಟು, ಪೆಟ್ಟು ನಾಲ್ಕು ಪಟ್ಟು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಳಿಸಿದರೂ ಅದೇ ಲೆಕ್ಕ ನಡೆಯುತ್ತದೆ.

ಊರಿರುವ ಕಡೆ ಗಾಡಿ ನಿಧಾನ ಮಾಡಿಸಿದರೆ ಎಷ್ಟು ಹೊತ್ತು ಹಾಳಾಗುತ್ತದೆ? ಇದನ್ನು ನಾನು ಪದೇ ಪದೇ ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಊರಿಗೆ 500 ಮೀಟರ್ ಇಟ್ಟುಕೊಳ್ಳಿ. 80ರಲ್ಲಿ ಅದನ್ನು ದಾಟಲು ಇಪ್ಪತ್ತೆರಡೂವರೆ ಸೆಕೆಂಡು. 50ರಲ್ಲಿ 36 ಸೆಕೆಂಡು. ವ್ಯತ್ಯಾಸ ಹದಿಮೂರೂವರೆ ಸೆಕೆಂಡು. ರಾಣೇಬೆನ್ನೂರಿನಿಂದ ಹುಬ್ಬಳ್ಳಿಯವರೆಗೆ ಇಂಥ ಹತ್ತು ಕಡೆ ನಿಧಾನ ಮಾಡಿದರೂ ಒಟ್ಟು ಎರಡೂಕಾಲು ನಿಮಿಷ. 100ರಲ್ಲಿ ಬರುವ ಕಾರಿಗೆ ಮೂರು ನಿಮಿಷ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಓದದಿದ್ದರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ.

"ಹೊಲ ಇಲ್ಲೇ ಕಾಣಸ್ತೈತಿ"

ಡಿವೈಡರ್ ಸಂದಿಯ ಬಗ್ಗೆ ಅಧಿಕಾರಿಗಳು ಹೇಳುವ ಮಾತು ಒಂದೇ. ಊರಿನವರೇ ಒಡೆದಿದ್ದಾರೆ, ನಾವು ಮುಚ್ಚಿದರೆ ಮತ್ತೆ ಒಡೆಯುತ್ತಾರೆ. ನಿಜ. ಆದರೆ ಯಾಕೆ ಒಡೆಯುತ್ತಾರೆ ಅಂತ ಕೇಳಿದವರು ಕಡಿಮೆ. ನಮ್ಮ ಕ್ರಾಸಿನ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರನ್ನು ನಾನು ಕೇಳಿದ್ದೆ. "ಯು ಟರ್ನ್ ಎಲ್ಲೈತಿ ಗೊತ್ತೇನ್ ತಮ್ಮಾ? ಎರಡೂವರಿ ಕಿಲೋಮೀಟರ್ ಹೋಗಿ ತಿರುಗಿ ಬರಬೇಕ. ಹೊಲ ಇಲ್ಲೇ ಕಾಣಸ್ತೈತಿ" ಅಂದರು.

ಅವರ ಮಾತಿನಲ್ಲಿ ದುಡ್ಡಿನ ಲೆಕ್ಕವೂ ಇದೆ. ಮೂವತ್ತು ಮೀಟರ್ ಆಚೆ ಇರುವ ಹೊಲಕ್ಕೆ ಐದು ಕಿಲೋಮೀಟರ್ ಸುತ್ತು. ದಿನಕ್ಕೆ ನಾಲ್ಕು ಸಲ ಅಂದರೆ 20 ಕಿಲೋಮೀಟರ್. ಬೈಕಿಗೆ ಸುಮಾರು ನಲವತ್ತು ರೂಪಾಯಿ ಪೆಟ್ರೋಲು. ತಿಂಗಳಿಗೆ ಸಾವಿರದ ಇನ್ನೂರು. ಎತ್ತಿನ ಚಕ್ಕಡಿಯವರಿಗೆ ಅಷ್ಟು ಸುತ್ತುವುದು ಆಗುವುದೇ ಇಲ್ಲ. ಹಾಗಾಗಿ ರಾಂಗ್ ಸೈಡಿನಲ್ಲಿ ಬರುತ್ತಾರೆ, ಇಲ್ಲವೇ ಸಂದಿ ಮಾಡಿಕೊಳ್ಳುತ್ತಾರೆ. ಇದು ತಪ್ಪು, ಜೀವಕ್ಕೆ ಎರವಾಗುವ ತಪ್ಪು. ಆದರೆ ರಸ್ತೆ ಕಟ್ಟಿದವರು ಬೇರೆ ದಾರಿ ಬಿಡದೆ ಇದ್ದಾಗ ಹುಟ್ಟಿದ ತಪ್ಪು. ದಾರಿ ಕೊಟ್ಟ ಮೇಲೆ ಸಂದಿ ಮುಚ್ಚಿದರೆ ಅದು ಮುಚ್ಚಿಯೇ ಉಳಿಯುತ್ತದೆ. ಮೊದಲು ಮುಚ್ಚಿ ಆಮೇಲೆ ನೋಡೋಣ ಅಂದರೆ ಒಂದು ರಾತ್ರಿಯಲ್ಲಿ ಕಲ್ಲು ಕಿತ್ತು ಹೋಗಿರುತ್ತದೆ.

ಅಂಡರ್‌ಪಾಸ್ ಕೊಟ್ಟ ಕಡೆಯೂ ಒಂದು ತೊಂದರೆ ಇದೆ. ಅದನ್ನು ಕಾರಿನ ಎತ್ತರಕ್ಕೆ ಕಟ್ಟಿದರೆ ಕಣಕಿ ಹೇರಿದ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ. ಹತ್ತಿ ಅಂಡಿಗೆಯ ಗಾಡಿ ಹೋಗುವುದಿಲ್ಲ. ಅವು ಮತ್ತೆ ಹೆದ್ದಾರಿಗೇ ಹತ್ತುತ್ತವೆ. ಮಳೆಗಾಲದಲ್ಲಿ ಮೊಣಕಾಲು ನೀರು ನಿಂತರೆ ಶಾಲೆ ಮಕ್ಕಳೂ ಮೇಲಿಂದಲೇ ದಾಟುತ್ತಾರೆ. ಕತ್ತಲಾದ ಮೇಲೆ ದೀಪವಿಲ್ಲದ ಅಂಡರ್‌ಪಾಸಿನಲ್ಲಿ ಹೆಣ್ಣುಮಕ್ಕಳು ಒಬ್ಬರೇ ಹೋಗಲು ಹೆದರುತ್ತಾರೆ. ಕಟ್ಟುವ ಮೊದಲು ಊರಿನ ನಾಲ್ಕು ಜನರನ್ನು, ಅದರಲ್ಲೂ ಹೆಂಗಸರನ್ನು ಕೂರಿಸಿಕೊಂಡು ಕೇಳಿದರೆ ಇವೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುವ ವಿಷಯಗಳು.

ಬೈಪಾಸು ಮತ್ತು ಎರೆ ನಾಡಿನ ರಸ್ತೆ

ಹುಬ್ಬಳ್ಳಿ–ಧಾರವಾಡ ಬೈಪಾಸಿನ ಕಥೆ ಬೇರೆ. ಅಲ್ಲಿ ದಾಟುವವರಿಗಿಂತ ಎದುರುಬದುರು ಬರುವ ಗಾಡಿಗಳೇ ಸಾವು ತಂದವು. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಎರಡೂ ತುದಿಯಲ್ಲಿ ಹೆದ್ದಾರಿ ಅಗಲ, ನಡುವೆ ಎರಡೇ ಲೇನು ಇತ್ತು, ಡಿವೈಡರ್ ಇರಲಿಲ್ಲ. ಅಗಲ ರಸ್ತೆಯ ವೇಗಕ್ಕೆ ಒಗ್ಗಿಹೋದ ಕಾಲು ಇಲ್ಲಿ ಬಂದ ಕೂಡಲೇ ಹಗುರಾಗುತ್ತಿರಲಿಲ್ಲ. ಮುಂದೆ ನಿಧಾನದ ಲಾರಿ ಸಿಕ್ಕರೆ ಎದುರಿನ ಲೇನಿಗೆ ನುಗ್ಗಿ ಓವರ್‌ಟೇಕ್ ಮಾಡುತ್ತಿದ್ದರು. 80ರ ವೇಗದಲ್ಲಿ ಸುರಕ್ಷಿತವಾಗಿ ಓವರ್‌ಟೇಕ್ ಮಾಡಲು ಎದುರಿಗೆ 470 ಮೀಟರ್ ಖಾಲಿ ಕಾಣಬೇಕು ಅನ್ನುವುದು ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ. ಎರಡು ಗಾಡಿ ತಲಾ 80ರಲ್ಲಿ ಎದುರುಬದುರು ಬಂದರೆ ಆ 470 ಮೀಟರ್ ಹತ್ತೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುವಾಗ ಆ ಹತ್ತು ಸೆಕೆಂಡಿನ ಲೆಕ್ಕ ಯಾರಿಗೆ ಸಿಗುತ್ತದೆ?

ಇಟಿಗಟ್ಟಿಯ ಘಟನೆ ಆದ ಮೇಲೆ ಜನ ಹೋರಾಟ ಮಾಡಿದರು, ಬೈಪಾಸ್ ಅಗಲ ಮಾಡುವ ಕೆಲಸ ಕೈಗೆ ಬಂತು. ಇಲ್ಲಿ ಅಗಲೀಕರಣ ನಿಜವಾಗಿ ಬೇಕಾಗಿತ್ತು. ನಡುವೆ ಗಟ್ಟಿ ಡಿವೈಡರ್ ಬಂದರೆ ಎದುರುಬದುರು ಡಿಕ್ಕಿ ಬಹುಪಾಲು ಇಲ್ಲವಾಗುತ್ತದೆ. ಆದರೆ ಕೆಲಸ ನಡೆಯುವ ವರ್ಷಗಳಲ್ಲೇ ರಸ್ತೆ ಜಾಸ್ತಿ ಅಪಾಯದ್ದು. ದಿಢೀರ್ ತಿರುವು, ಮಣ್ಣಿನ ಗುಡ್ಡೆ, ಎಲ್ಲೋ ಒಂದು ಡ್ರಮ್ಮು, ಅದರ ಮೇಲೆ ಮಾಸಿದ ರೇಡಿಯಂ. ಡೈವರ್ಷನ್ ಇದೆ ಅಂತ 50 ಮೀಟರ್ ಹತ್ತಿರ ಬಂದಾಗ ಹೇಳಿದರೆ ಏನು ಪ್ರಯೋಜನ? 80ರಲ್ಲಿ ಬರುವ ಗಾಡಿ ನಿಲ್ಲಲು 120 ಮೀಟರ್ ಬೇಕು. ಗುತ್ತಿಗೆದಾರರಿಗೆ ಬಿಲ್ ಪಾಸು ಮಾಡುವ ಮೊದಲು ರಾತ್ರಿ ಹೊತ್ತು ಒಮ್ಮೆ ಆ ಡೈವರ್ಷನ್‌ನಲ್ಲಿ ಗಾಡಿ ಓಡಿಸಿ ನೋಡುವ ಪದ್ಧತಿ ಬರಬೇಕು.

ಗದಗಿನ ಕಡೆ ಹೊರಟರೆ, ಅಣ್ಣಿಗೇರಿ, ಹುಲಕೋಟಿ ಸೀಮೆಯಲ್ಲಿ ಮಣ್ಣೇ ಬೇರೆ. ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಒಳಗಿನ ಊರುಗಳ ಸಣ್ಣ ರಸ್ತೆಗಳಲ್ಲಿ ಡಾಂಬರಿನ ಅಂಚು ಒಡೆದು ಪಕ್ಕದ ಮಣ್ಣು ಅರ್ಧ ಅಡಿ ಕೆಳಗೆ ಇಳಿದಿರುತ್ತದೆ. ಎದುರಿಗೆ ಲಾರಿ ಬಂದಾಗ ಬೈಕಿನವನು ಪಕ್ಕಕ್ಕೆ ಸರಿಯುತ್ತಾನೆ, ಗಾಲಿ ಜಾರಿ ಕೆಳಗೆ ಹೋಗುತ್ತದೆ, ಅಲ್ಲೇ ಬೀಳುತ್ತಾನೆ. ಮಳೆಗಾಲದಲ್ಲಿ ಹೊಲದಿಂದ ಹತ್ತುವ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಎರೆ ರಸ್ತೆಗೆ ಬಿದ್ದು ಸಾಬೂನು ಸವರಿದ ಹಾಗೆ ಆಗಿರುತ್ತದೆ. ಹೊಲದ ದಾರಿ ರಸ್ತೆಗೆ ಸೇರುವ ಮೊದಲು ಹತ್ತಿಪ್ಪತ್ತು ಮೀಟರ್ ಗರಸು (ಕಲ್ಲುಮಿಶ್ರಿತ ಮಣ್ಣು) ಹಾಕಿದರೆ ಅರ್ಧ ಕೆಸರು ಅಲ್ಲೇ ಉದುರುತ್ತದೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪಂಚಾಯ್ತಿ ಮಟ್ಟದಲ್ಲೇ ಆಗುವ ಕೆಲಸ.

ರಾಶಿ ಮಾಡುವ ಕಾಲದಲ್ಲಿ ಹೆಸರು, ಜೋಳ, ಗೋವಿನಜೋಳ ರಸ್ತೆ ಮೇಲೆ ಹರಡುವುದೂ ಇದೆ. ಅರ್ಧ ರಸ್ತೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ರಾತ್ರಿ ಕಲ್ಲು ಹಾಗೇ ಉಳಿಯುತ್ತವೆ. ರೈತರ ಮೇಲೆ ಕೇಸು ಹಾಕಿದರೆ ಇದು ನಿಲ್ಲುವುದಿಲ್ಲ. ಮೊದಲು ಪ್ರತಿ ಮನೆಗೂ ಕಣ ಇತ್ತು, ಈಗ ಇಲ್ಲ. ಊರಿಗೊಂದೆರಡು ಕಾಂಕ್ರೀಟ್ ಕಣ ಮಾಡಿಕೊಟ್ಟರೆ ಕಾಳು ತಾನಾಗಿ ರಸ್ತೆ ಬಿಟ್ಟು ಹೋಗುತ್ತದೆ.

ಪಕ್ಕದ ಜಿಲ್ಲೆಯಲ್ಲೇ ಆಗಿ ತೋರಿಸಿದ್ದು

ಇದೆಲ್ಲ ಹೇಳುವುದು ಸುಲಭ, ಮಾಡುವುದು ಕಷ್ಟ ಅನ್ನುವವರಿಗೆ ನಾನು ಬೆಳಗಾವಿ–ಯರಗಟ್ಟಿ ರಸ್ತೆ ತೋರಿಸುತ್ತೇನೆ. ಧಾರವಾಡದ ಪಕ್ಕದಲ್ಲೇ ಇದೆ. ರಾಜ್ಯ ಹೆದ್ದಾರಿ 20ರ 62 ಕಿ.ಮೀ. ಉದ್ದವನ್ನು ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಡಿ, ವಿಶ್ವಬ್ಯಾಂಕ್ ಸಾಲದಲ್ಲಿ, ಮಾದರಿ ಸುರಕ್ಷಿತ ರಸ್ತೆಯಾಗಿ ಮಾಡಿದರು. ಅದೂ ಊರುಗಳ ನಡುವೆ ಹಾಯುವ, ಕಬ್ಬಿನ ಟ್ರ್ಯಾಕ್ಟರ್ ಓಡುವ ರಸ್ತೆ. ಅಲ್ಲಿ ಸಾವು ಅರ್ಧದಷ್ಟು ಇಳಿದವು.

ಅಲ್ಲಿನ ವಿಶೇಷ ಏನೆಂದರೆ ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳು ಒಂದೇ ರಸ್ತೆಯ ಮೇಲೆ ಒಂದೇ ಕಾಲಕ್ಕೆ ಕೂಡಿ ಕೆಲಸ ಮಾಡಿದ್ದು. ಕ್ರಾಸುಗಳನ್ನು ಸರಿಮಾಡಿ, ಬೋರ್ಡು ಮತ್ತು ಪಟ್ಟಿ ಹಾಕಿದ ರಸ್ತೆಯಲ್ಲೇ ಪೊಲೀಸರು ವೇಗ ಹಿಡಿದರು. ಗಾಯಾಳುಗಳನ್ನು ಬೇಗ ಆಸ್ಪತ್ರೆಗೆ ಸೇರಿಸುವ ವ್ಯವಸ್ಥೆಯೂ ಅದರ ಭಾಗವಾಗಿತ್ತು. ನಮ್ಮಲ್ಲಿ ಆಗುವುದು ಬೇರೆ ಥರ. ಹೆದ್ದಾರಿ ಪ್ರಾಧಿಕಾರ ರಸ್ತೆ ನೋಡಿಕೊಳ್ಳುತ್ತದೆ, ಸೇರುವ ಊರ ರಸ್ತೆ ಪಂಚಾಯತ್ ರಾಜ್ ಇಲಾಖೆಯದು, ಬಸ್ ನಿಲ್ಲಿಸುವುದು ವಾಯವ್ಯ ಸಾರಿಗೆಯವರು, ದೀಪದ ಬಿಲ್ಲು ಇನ್ಯಾರದೋ. ಕ್ರಾಸಿನಲ್ಲಿ ಇವರೆಲ್ಲರ ಗಡಿ ಸೇರುತ್ತದೆ. ಅಪಘಾತಗಳೂ ಅಲ್ಲೇ ಆಗುತ್ತವೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಉದಾಹರಣೆಯನ್ನು ಈಗ ಬಹಳ ಜನ ಕೊಡುತ್ತಾರೆ. 2023ರಲ್ಲಿ ಅಲ್ಲಿ 188 ಸಾವು. ಕ್ಯಾಮೆರಾ ಹಾಕಿ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ತಡೆದ ಮೇಲೆ 2024ರಲ್ಲಿ 50ಕ್ಕೆ ಇಳಿಯಿತು. ದೊಡ್ಡ ಗೆಲುವು ಅದು, ಖುಷಿಯ ವಿಷಯ. ಕ್ಯಾಮೆರಾ ನಮಗೂ ಬೇಕು. ಅಪಾಯದ ಹೆದ್ದಾರಿಗಳಲ್ಲಿ ಕ್ಯಾಮೆರಾ ಕಣ್ಗಾವಲು ಇರಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ಎ ಕಲಮು ಹೇಳುತ್ತದೆ. ಆದರೆ ಬೈಕು, ಟ್ರ್ಯಾಕ್ಟರ್ ತಡೆಯುವುದು ನಮ್ಮಲ್ಲಿ ಹಾಗೇ ನಡೆಯುವುದಿಲ್ಲ. ಅಲ್ಲಿ ಪಕ್ಕದಲ್ಲಿ ಸರ್ವೀಸ್ ರಸ್ತೆ ಇದೆ. ಇಲ್ಲಿ ಸರ್ವೀಸ್ ರಸ್ತೆ ಒಂದು ಊರಿನಲ್ಲಿ ಶುರುವಾಗಿ ಹಳ್ಳದ ಹತ್ತಿರ ನಿಂತುಬಿಡುತ್ತದೆ. ಆ ತುಂಡುಗಳನ್ನು ಜೋಡಿಸದೆ ಬೈಕು ನಿಷೇಧ ಮಾಡಿದರೆ ರೈತ ಎಲ್ಲಿ ಹೋಗಬೇಕು?

ದೊಡ್ಡ ಕೆಲಸ ಬರುವವರೆಗೆ

ಫ್ಲೈಓವರ್, ಅಂಡರ್‌ಪಾಸ್ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಒಂದು ಕ್ರಾಸಿಗೆ ಏನು ಮಾಡಬಹುದು?

ಪ್ರತಿ ಸಲ ಅಪಘಾತವಾದಾಗ ಊರಿನವರು ಹೆದ್ದಾರಿ ಮೇಲೆ ಹಂಪ್ ಹಾಕಿ ಅಂತ ರಸ್ತೆ ತಡೆ ಮಾಡುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ 80ರಲ್ಲಿ ಬರುವ ಲಾರಿಗೆ ಹಂಪ್ ಅಪಾಯ. ಹಿಂದಿನ ಗಾಡಿ ಬಂದು ಗುದ್ದುತ್ತದೆ, ಬೈಕು ಹಾರುತ್ತದೆ. ಹಂಪ್ ಬೇಕಾಗಿರುವುದು ಊರಿನಿಂದ ಬಂದು ಸೇರುವ ಸಣ್ಣ ರಸ್ತೆಗೆ, ಹೆದ್ದಾರಿಗಿಂತ ಹತ್ತಿಪ್ಪತ್ತು ಮೀಟರ್ ಒಳಗೆ. ಆಗ ಬೈಕಿನವನು ಅಲ್ಲಿ ನಿಧಾನ ಮಾಡಿ, ನಿಂತು, ಎರಡೂ ಕಡೆ ನೋಡುತ್ತಾನೆ. ಹೆದ್ದಾರಿಯ ಮೇಲೆ ಅಡ್ಡಡ್ಡ ದಪ್ಪ ಬಿಳಿ ಪಟ್ಟಿಗಳು ಸಾಕು. ಗಾಲಿ ಗಡಗಡ ಅಂದರೆ ತೂಕಡಿಸುವ ಚಾಲಕನಿಗೂ ಎಚ್ಚರವಾಗುತ್ತದೆ. ಒಂದೇ ಕಡೆ ಹಾಕದೆ 300 ಮೀಟರ್ ಮೊದಲಿಂದ ಎರಡು ಮೂರು ಕಂತಿನಲ್ಲಿ ಹಾಕಬೇಕು. ಊರಿನ ಹೆಸರಿನ ದೊಡ್ಡ ಬೋರ್ಡು, ವೇಗದ ಮಿತಿ, ಮಿನುಗುವ ಹಳದಿ ದೀಪ ಜೊತೆಗಿರಬೇಕು. ಚಾಲಕನಿಗೆ ಊರು ಬಂತು ಅಂತ ಮೈಗೆ ಅನಿಸಬೇಕು.

ಮೂಲೆಯ ಜಾಲಿ ಕಡಿಯಬೇಕು. ಡಬ್ಬಿ ಅಂಗಡಿ, ಫ್ಲೆಕ್ಸು ಸರಿಸಬೇಕು. ಬರ್ತ್‌ಡೇ ಶುಭಾಶಯದ ಫ್ಲೆಕ್ಸಿನ ಹಿಂದೆ ಬರುವ ಲಾರಿ ಕಾಣುವುದಿಲ್ಲ. ಇದನ್ನು ತೆಗೆಸಲು ಯಾವ ಇಲಾಖೆಯ ಅನುಮತಿಗೂ ಕಾಯಬೇಕಿಲ್ಲ, ಊರಿನ ಹುಡುಗರೇ ಮನಸ್ಸು ಮಾಡಬೇಕು. ಬಸ್ಸು ಕ್ರಾಸಿನ ಬಾಯಲ್ಲಿ ನಿಲ್ಲದೆ, ಕ್ರಾಸು ದಾಟಿ ಮುಂದೆ, ಲೇನಿನಿಂದ ಹೊರಗೆ ನಿಲ್ಲಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಅವರಿಗೆ ಬರುವ ಗಾಡಿ ಕಾಣುತ್ತದೆ. ಒಂದು ದೀಪ. ಅದು ಉರಿಯುತ್ತಿದೆಯೇ ಅಂತ ನೋಡಲು ಒಬ್ಬ ಹೊಣೆಗಾರ.

ನಿಂತ ಲಾರಿಗಳ ವಿಷಯ ಗುಂಡೇನಹಳ್ಳಿ ಮತ್ತೆ ಮತ್ತೆ ನೆನಪಿಸುತ್ತದೆ. ಲಾರಿಯವರು ಸುಮ್ನೆ ನಿಲ್ಲಿಸುವುದಿಲ್ಲ. ನಿದ್ದೆ ಬರುತ್ತದೆ, ಟೈರು ಒಡೆಯುತ್ತದೆ, ಊಟಕ್ಕೆ ಡಾಬಾ ಬೇಕು. ನಿದ್ದೆಗೆಟ್ಟು ಓಡಿಸಿ ಅಂತ ಹೇಳಲಾಗುವುದಿಲ್ಲ ಅಲ್ವಾ? ಅವರಿಗೆ ಗಾಡಿ ನಿಲ್ಲಿಸಲು ಜಾಗ, ನೀರು, ಶೌಚಾಲಯ ಸಾಕಷ್ಟು ಕಡೆ ಇರಬೇಕು. ಆಮೇಲೆ ಲೇನಿನಲ್ಲಿ ನಿಂತ ಲಾರಿಗೆ ದಂಡ ಹಾಕಿದರೆ ನ್ಯಾಯ. ಕೆಟ್ಟು ನಿಂತ ಗಾಡಿ ಕಂಡರೆ 1033ಕ್ಕೆ ಫೋನ್ ಮಾಡಬಹುದು, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಈ ನಂಬರ್ ಪ್ರತಿ ಚಹಾ ಅಂಗಡಿಯ ಗೋಡೆ ಮೇಲೆ ಇರಬೇಕಿತ್ತು.

ಟ್ರ್ಯಾಕ್ಟರ್ ಟ್ರೇಲರಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಕೆಲವು ನೂರು ರೂಪಾಯಿ ಸಾಕು. ಹಾದಿಯಲ್ಲಿ ನಿಂತು ಒಬ್ಬೊಬ್ಬರನ್ನು ಹಿಡಿಯುವುದಕ್ಕಿಂತ ಅವರೆಲ್ಲ ಸೇರುವ ಜಾಗದಲ್ಲೇ ಮಾಡುವುದು ಜಾಣತನ. ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆಯ ತೂಕದ ಕಟ್ಟೆಗೆ ಬಂದೇ ಬರುತ್ತದೆ. ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿ ಎಪಿಎಂಸಿ ಗೇಟಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸರದಿ ಕಾಯುವಾಗ ಅಲ್ಲೇ ಪಟ್ಟಿ ಅಂಟಿಸಿ, ಹಿಂದಿನ ಲೈಟು ನೋಡಿ ಕಳಿಸಿದರೆ ಒಂದು ಹಂಗಾಮಿನಲ್ಲಿ ಇಡೀ ತಾಲ್ಲೂಕಿನ ಟ್ರೇಲರುಗಳು ರಾತ್ರಿ ಕಾಣುವಂತಾಗುತ್ತವೆ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಮೈಲಾರಕ್ಕೆ ಹೋಗುವ ಚಕ್ಕಡಿಗಳಿಗೂ ಹೀಗೇ ಮಾಡಬಹುದು.

ಗಾಯಾಳುಗಳ ಬಗ್ಗೆ ಸ್ವಲ್ಪ ಹೇಳಬೇಕು. ಹಾವೇರಿಯಿಂದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸುಮಾರು 75 ಕಿ.ಮೀ., ತಲೆಗೆ ಪೆಟ್ಟಾದವರಿಗೆ ಬಹಳ ದೂರ. ಎತ್ತಿಕೊಂಡು ಹೋದರೆ ಪೊಲೀಸ್ ಕೇಸು ಮೈಮೇಲೆ ಬರುತ್ತದೆ ಅನ್ನುವ ಹೆದರಿಕೆ ಇನ್ನೂ ಇದೆ. ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದು ರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. ದುಡ್ಡು ಕಟ್ಟದೆ ಮುಟ್ಟುವುದಿಲ್ಲ ಅಂತ ಯಾವುದಾದರೂ ನೋಂದಾಯಿತ ಆಸ್ಪತ್ರೆಯವರು ಅಂದರೆ ಈ ಯೋಜನೆಯ ಹೆಸರು ಹೇಳಿ ಕೇಳಿ.

ಕೇಳುವುದು ಯಾರನ್ನು, ಹೇಗೆ

ಸರ್ಕಾರದ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ ಅನ್ನಿಸಿಕೊಳ್ಳಲು ಒಂದು ಅಳತೆ ಇದೆ. ಸುಮಾರು 500 ಮೀಟರ್ ರಸ್ತೆಯಲ್ಲಿ, ಮೂರು ವರ್ಷದಲ್ಲಿ, ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಅಂದರೆ ಸಾವುಗಳು ಎಣಿಕೆಗೆ ಬಂದ ಮೇಲೆ ದುರಸ್ತಿ. ನನಗೆ ಇದು ಒಪ್ಪಿಗೆಯಿಲ್ಲ. ನಾಲ್ಕನೇ ಅಪಘಾತ ಆದ ಕ್ರಾಸು ಪಟ್ಟಿಗೆ ಬರುವುದಿಲ್ಲ. ಕೂದಲೆಳೆಯಲ್ಲಿ ತಪ್ಪಿದ್ದು ಎಲ್ಲೂ ಬರೆದಿರುವುದಿಲ್ಲ. ಆದರೆ ಚಹಾ ಅಂಗಡಿಯವನಿಗೆ ಅದು ಗೊತ್ತು, ಪಂಕ್ಚರ್ ಅಂಗಡಿಯವನಿಗೆ ಗೊತ್ತು.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಆರ್‌ಟಿಒ, ಹೆದ್ದಾರಿಯವರು ಅಲ್ಲಿ ಒಂದೇ ಮೇಜಿಗೆ ಬರುತ್ತಾರೆ. ಗ್ರಾಮಸಭೆಯ ಠರಾವು, ಫೋಟೊ, ಜಾಗದ ಗುರುತು ಸಮೇತ ಅರ್ಜಿ ಹೋದರೆ ಅವರು ಅದನ್ನು ತಳ್ಳಿಹಾಕುವುದು ಕಷ್ಟ. ರಸ್ತೆಯ ವಿನ್ಯಾಸ, ನಿರ್ವಹಣೆ ಸರಿಯಿಲ್ಲದೆ ಸಾವಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷದವರೆಗೆ ದಂಡ ಹಾಕುವ 198ಎ ಕಲಮು ಮೋಟಾರು ವಾಹನ ಕಾಯ್ದೆಯಲ್ಲಿದೆ. ಅಪಾಯದ ಬಗ್ಗೆ ಮೊದಲೇ ಬರೆದು ಕೊಟ್ಟ ಕಾಗದ ಇದ್ದರೆ, ಗೊತ್ತೇ ಇರಲಿಲ್ಲ ಅಂತ ಆಮೇಲೆ ಯಾರೂ ಹೇಳಲಾರರು.

ನಮ್ಮ ಊರಲ್ಲಿ ನಾವು ನಾಲ್ಕು ಜನ ಸೇರಿ ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಕ್ರಾಸಿನ ಚಹಾ ಅಂಗಡಿಯಲ್ಲೇ ದಾರ ಕಟ್ಟಿ ಇಟ್ಟಿದ್ದೇವೆ. ಮೊದಲ ಪುಟದಲ್ಲಿ ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಬರೆದಿದ್ದೇವೆ. ಯಾಕೆಂದರೆ "ಊರ ಹತ್ತಿರ" ಅಂತ ಬರೆದರೆ ಇಂಜಿನಿಯರಿಗೆ ಜಾಗ ಸಿಗುವುದಿಲ್ಲ, ಕಲ್ಲಿನ ನಂಬರ್ ಬರೆದರೆ ಸಿಗುತ್ತದೆ. ಅದರ ಕೆಳಗೆ ತಾರೀಖು, ಹೊತ್ತು, ಯಾವ ಗಾಡಿ, ಯಾವ ಕಡೆಯಿಂದ, ಏನಾಯಿತು ಅಂತ ಐದು ಕಾಲಂ. ಬರೆಯಲು ಬಾರದವರು ಹೇಳುತ್ತಾರೆ, ಅಂಗಡಿಯ ಹುಡುಗ ಬರೆಯುತ್ತಾನೆ. ಮೊದಲ ವಾರದಲ್ಲಿ ಏಳು ಸಾಲು ತುಂಬಿದವು. ಆರು ಸಾಲಿನಲ್ಲಿ ಕೊನೆಯ ಕಾಲಮಿನಲ್ಲಿ "ಸ್ವಲ್ಪದರಲ್ಲಿ ತಪ್ಪಿತು" ಅಂತ ಇದೆ. ಏಳನೆಯದರಲ್ಲಿ ಒಂದು ಎಮ್ಮೆ ಹೋಯಿತು. ಮುಂದಿನ ಗ್ರಾಮಸಭೆಗೆ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇವೆ.